ಕುರ್ಚಿ ಹೆಣೆಯುವ ಮಾಸ್ತರರ ಆರು ಚುಕ್ಕಿ

ವಿದ್ಯೆಗೆ ಕಣ್ಣೇ ಹೆಬ್ಬಾಗಿಲು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರೂ ಬಸಲಿಂಗಪ್ಪ ಮಾಸ್ತರರ ಕೈಗೆ ಸಿಕ್ಕಿರಲಿಲ್ಲ. ಅವರಲ್ಲಿ ವಿದ್ಯೆ ಮೂಗಿನಿಂದ ಶುರುವಾಗುತ್ತಿತ್ತು. ನಾನು ಪಾಠಕ್ಕೆ ಕೂತ ತಕ್ಷಣ ನನ್ನ ತೋರುಬೆರಳನ್ನು ಹಿಡಿದು, ಅತ್ತರು ಕೊಳ್ಳುವ ನವಾಬರಂತೆ ಮೂಸಿ ನೋಡುತ್ತಿದ್ದರು.

"ಶೇಂಗಾ ಹಿಂಡಿ. ಮ್ಯಾಲ ಎಣ್ಣಿ. ಏಳ್ರಿ ಗುಮಾಸ್ತರ, ತೊಳಕೊಂಡು ಬರ್ರಿ. ಎಣ್ಣಿ ಬೆರಳಿಗೆ ಅಕ್ಷರ ಹತ್ತಂಗಿಲ್ಲ."

ತೊಳೆದು ಬಂದರೆ ಉಗುರು ಉದ್ದ. ಉಗುರು ತೆಗೆದು ಬಂದರೆ ಬೆರಳು ಇನ್ನೂ ಒದ್ದೆ. ಒರೆಸಿಕೊಂಡು ಬರುವಷ್ಟರಲ್ಲಿ ಪಾಠದ ಅರ್ಧ ಹೊತ್ತು ಮುಗಿದಿರುತ್ತಿತ್ತು. ಅದೂ ನನ್ನ ತಪ್ಪೇ.

ಮಾಸ್ತರರು ಸುರಪುರದವರು. ಎಳವೆಯಲ್ಲೇ ಸಿಡುಬಿಗೆ ಎರಡೂ ಕಣ್ಣು ಹೋದವು. ಯಾರೋ ಪುಣ್ಯಾತ್ಮರು ಮೈಸೂರು ಕಡೆಯ ಕುರುಡರ ಶಾಲೆಗೆ ಮುಟ್ಟಿಸಿದರು. ಅಲ್ಲಿ ಬೆರಳಿನಿಂದ ಓದುವ ಬ್ರೈಲ್ ಅಕ್ಷರ ಕಲಿತರು, ಹೊಟ್ಟೆಪಾಡಿಗೆ ಕುರ್ಚಿಗೆ ಬೆತ್ತ ಹೆಣೆಯುವುದನ್ನೂ ಕಲಿತರು. ಆಗಿನ್ನೂ ನಿಜಾಮರ ಸರ್ಕಾರ. ನಾನು ಶಹಾಪುರದ ತಹಸೀಲ್ ಕಚೇರಿಯಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವ ಗುಮಾಸ್ತ. ಕಚೇರಿಯ ಮೂವತ್ತು ಕುರ್ಚಿಗಳ ಬೆತ್ತ ಒಟ್ಟಿಗೇ ಕೈಕೊಟ್ಟಾಗ ಸಾಹೇಬರು ಮಾಸ್ತರರನ್ನು ಕರೆಸಿದರು. ದಿನಕ್ಕೊಂದು ಕುರ್ಚಿ. ಮೂವತ್ತು ಮುಗಿದ ಮೇಲೆ ರಾಯಚೂರಿನಲ್ಲಿ ಬೇರೆ ಕೆಲಸ ಕಾದಿತ್ತು.

ನನ್ನ ತಂಗಿ ಶರಣವ್ವನಿಗೆ ಆಗ ಹದಿನೇಳು ವರ್ಷ. ಮಠದ ಶಾಲೆಯಲ್ಲಿ ಎರಡು ವರ್ಷ ಓದಿ, ಓದಿನ ರುಚಿ ಹತ್ತಿದ ಮೇಲೆ ಅವಳಿಗೂ ಸಿಡುಬು ಬಂದು ಕಣ್ಣು ಹೋಗಿದ್ದವು. ಅಂದಿನಿಂದ ಪುಸ್ತಕ ಹಿಡಿದು ನನ್ನ ಹಿಂದೆ ತಿರುಗುತ್ತಿದ್ದಳು. ನಾನು ಎರಡು ಪುಟ ಓದಿ ಆಕಳಿಸುತ್ತಿದ್ದೆ. ಅವಳು ಪುಸ್ತಕ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಕುರುಡರೂ ಓದುವ ಅಕ್ಷರವಿದೆ ಎಂದು ನಾನು ಮನೆಯಲ್ಲಿ ಹೇಳಿದ ದಿನ ಅವಳು ಊಟ ಮಾಡಲಿಲ್ಲ. "ಅಣ್ಣಾ, ಅವರನ್ನ ಕರಕೊಂಡು ಬಾ" ಎಂದಷ್ಟೇ ಹೇಳಿದಳು.

ಅಡ್ಡಿ ಬಂದದ್ದು ಅವ್ವನಿಂದ. ಆ ಅಕ್ಷರ ಕಲಿಸಲು ಬೆರಳಿನ ಮೇಲೆ ಬೆರಳಿಟ್ಟು ನಡೆಸಬೇಕು ಎಂಬುದು ತಿಳಿಯುತ್ತಲೇ ಅವ್ವ ತೀರ್ಪು ಕೊಟ್ಟಳು: "ಹೊರಗಿನ ಗಂಡಸು ನನ್ನ ಮಗಳ ಕೈ ಹಿಡಿಯೋದು ಒಂದೇ ಸಲ, ಅದೂ ಮದುವಿ ಹಂದರದಾಗ. ನೀ ಕಲಿ. ನೀ ಆಕಿಗೆ ಕಲಿಸು."

ಹೀಗೆ ಎರಡು ಕಣ್ಣೂ ನೆಟ್ಟಗಿದ್ದ ನಾನು ಕುರುಡರ ವಿದ್ಯೆಗೆ ಭರ್ತಿಯಾದೆ. ಕಚೇರಿ ಬಿಟ್ಟ ಮೇಲೆ ನಮ್ಮ ಪಡಸಾಲೆಯಲ್ಲಿ ಪಾಠ. ಒಳಬಾಗಿಲ ಹೊಸ್ತಿಲಲ್ಲಿ ಅವ್ವ ಮೊರದ ತುಂಬ ಜೋಳ ಇಟ್ಟುಕೊಂಡು ಹಸನು ಮಾಡುತ್ತಾ ಕಾವಲು ಕೂರುತ್ತಿದ್ದಳು. ಅವಳ ಬೆನ್ನ ಹಿಂದೆ, ಒಳಗೆ, ಶರಣವ್ವ.

ಮಾಸ್ತರರು ಮೊದಲು ಆರು ಹುಣಸೆ ಬೀಜ ಜೋಡಿಸಿದರು, ಎಡಕ್ಕೆ ಮೂರು, ಬಲಕ್ಕೆ ಮೂರು. "ಇಷ್ಟೇ ರೀ ಜಗತ್ತು. ಆರು ಚುಕ್ಕಿ. ಯಾವುದು ಅದ, ಯಾವುದು ಇಲ್ಲ, ಅಷ್ಟು ತಿಳಿದ್ರ ಮುಗೀತು." ಮುಗಿಯಲಿಲ್ಲ. ಬೀಜದ ನಂತರ ಹಾಳೆ ಬಂತು. ಬೀಜವೆಂದರೆ ಬೀಜ, ಹಾಳೆಯ ಮೇಲಿನ ಚುಕ್ಕಿಗಳು ನನ್ನ ಬೆರಳಿಗೆ ಬೆವರುಸಾಲೆ ಎದ್ದ ಬೆನ್ನಿನಂತೆ ತೋರುತ್ತಿದ್ದವು. ನಾನು ಕಳ್ಳಗಣ್ಣಿನಿಂದ ನೋಡಿ ಹೇಳಿಬಿಡುತ್ತಿದ್ದೆ.

"ಕಣ್ಣಿಲೆ ಓದಾಕತ್ತೀರಿ" ಎನ್ನುತ್ತಿದ್ದರು ಮಾಸ್ತರರು.

"ಇಲ್ರಿ ಮಾಸ್ತರ."

"ಬೆರಳು ಇಲ್ಲೇ ನಿಂತದ, ಬಾಯಿ ಮುಂದ ಹೋಗ್ಯಾದ. ಸುಳ್ಳು ಹೇಳಿದ್ರೂ ಬೆರಳು ಸರಿಸಿ ಹೇಳ್ರಿ." ಎಂದು ತಮ್ಮ ಹೆಗಲ ವಸ್ತ್ರವನ್ನು ನನ್ನ ಕೈಮೇಲೆ ಹೊದಿಸುತ್ತಿದ್ದರು. ಇಪ್ಪತ್ನಾಲ್ಕು ವರ್ಷದ ಸರ್ಕಾರಿ ನೌಕರ, ಹೆಣಕ್ಕೆ ಹೊದಿಸಿದಂತೆ ಕೈಗೆ ಬಟ್ಟೆ ಹೊದ್ದು ತಡಕಾಡುತ್ತಾ ಕೂತಿರುವುದನ್ನು ಓಣಿಯೆಲ್ಲ ನೋಡಿತು.

ಬರೆಯುವುದು ಇನ್ನೊಂದು ಶಿಕ್ಷೆ. ಕಿಂಡಿಗಳಿದ್ದ ಹಿತ್ತಾಳೆ ಪಟ್ಟಿಯಲ್ಲಿ ಹಾಳೆ ಸಿಕ್ಕಿಸಿ, ಮೊಂಡ ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚಬೇಕು. ಹಾಳೆ ಹೊರಳಿಸಿದರೆ ಚುಕ್ಕಿಗಳು ಉಬ್ಬಿರುತ್ತವೆ. ಆಗ ಎಡದಿಂದ ಬಲಕ್ಕೆ ಓದಬೇಕು. ಬಲದಿಂದ ಎಡಕ್ಕೆ ಎಂದದ್ದೇ ನಾನು ಗೆದ್ದೆ ಎಂದುಕೊಂಡೆ. ಉರ್ದು ಬರೆದೇ ಅನ್ನ ತಿನ್ನುವವನಿಗೆ ಅದೇನು ಹೊಸದೇ? ಸರಸರನೆ ಚುಚ್ಚಿದೆ. ಹಾಳೆ ಹೊರಳಿಸಿ, ರೂಢಿಯ ಪ್ರಕಾರ ಮತ್ತೆ ಬಲದಿಂದಲೇ ಓದಿದೆ. ಪಾಠ ಮುಗಿದ ಮೇಲೆ ಒಬ್ಬನೇ ಕೂತು ವಾರವಿಡೀ ಹಾಗೇ ಓದಿದೆ. ಅದನ್ನೇ ಒಳಗೆ ಹೋಗಿ ಶರಣವ್ವನಿಗೂ ಕಲಿಸಿದೆ.

"ಅಣ್ಣಾ, ನಿನ್ನಿ ಇದೇ ಅಕ್ಷರಕ್ಕ ಬ್ಯಾರೆ ಹೆಸರು ಹೇಳಿದ್ದಿ" ಎಂದಳು ಅವಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವಳೂ ಕುರ್ಚಿಗಳನ್ನು ಎಣಿಸುತ್ತಿದ್ದಳು. ಹದಿನಾಲ್ಕು ಆಗಿದ್ದವು.

ಮಾಸ್ತರರು ನನ್ನ ಓದು ಕೇಳಿ, ಹಾಳೆ ಸವರಿ ನಿಟ್ಟುಸಿರು ಬಿಟ್ಟರು. "ಗುಮಾಸ್ತರ, ಹಿಂದ ನಡದು ಹೊಲಕ್ಕ ಹೋದ್ರಿ, ಚಲೋ ಆತು. ಹಿಂದ ನಡದೇ ಮನಿಗೂ ಬರಾಕ ಹೋದ್ರ ಹ್ಯಾಂಗ್ರಿ?"

ಆಗ ನಾನು ಒಂದು ಪಾಪ ಮಾಡಿದೆ. ಕುರ್ಚಿ ಹೆಚ್ಚಿದರೆ ದಿನ ಹೆಚ್ಚುತ್ತದೆ ಎಂಬ ಲೆಕ್ಕ ಹಾಕಿ, ಹೊಸದಾಗಿ ಹೆಣೆದಿದ್ದ ಎರಡು ಕುರ್ಚಿಗಳ ಬೆತ್ತವನ್ನು ಲೇಖನಿ ಚೂರಿಯಿಂದ ಕೊಯ್ದೆ. ಮರುದಿನ ಮಾಸ್ತರರು ಬೆರಳಾಡಿಸಿ, ಇಡೀ ಕಚೇರಿ ಕೇಳುವಂತೆ "ಸಾಹೇಬರು ಸ್ವಲ್ಪ ಭಾರ ಅದಾರ" ಎಂದು ತಪ್ಪನ್ನು ಸಾಹೇಬರ ಮೈಗೆ ಹಚ್ಚಿ ನನ್ನನ್ನು ಉಳಿಸಿದರು. ಸಂಜೆ ಪಡಸಾಲೆಯಲ್ಲಿ ಮಾತ್ರ ಮೆಲ್ಲಗೆ ಹೇಳಿದರು: "ಕುಂತು ಹರಿದ ಬೆತ್ತಕ್ಕ ಎಳಿ ಇರ್ತಾವ. ಕೊಯ್ದದ್ದು ನುಣ್ಣಗ ಇರ್ತದ. ಎರಡೇ ದಿನ ಗಳಿಸಿದ್ರಿ. ನಿಮ್ಮ ಬೆರಳಿಗೆ ಎರಡು ಜನ್ಮ ಬೇಕು."

ನನಗೂ ರೇಗಿತು. "ಹಂಗಾರ ಬಿಡ್ರಿ, ನನ್ನಿಂದ ಆಗಂಗಿಲ್ಲ" ಎಂದು ಹಾಳೆಯನ್ನು ಒಗೆದೆ. ಒಳಗೆ ಶರಣವ್ವ ಅಳುವುದು ಕೇಳಿಸಿತು. ಹಾಳೆ ಅವ್ವನ ಮೊರದಲ್ಲಿ ಬಿದ್ದಿತ್ತು.

"ಇಪ್ಪತ್ತು ದಿನದಿಂದ ಅದನ್ನ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ" ಎಂದಳು ಅವ್ವ. ಕಣ್ಣು ಮಗಳ ಕಡೆಗಿತ್ತು. ಕೈ ಹಾಳೆಯ ಮೇಲಿತ್ತು. "ಎಡಕ್ಕ ಮ್ಯಾಲಿಂದ ಎರಡು. ಬಲಕ್ಕ ನಡುವ ಒಂದು. ಇದರಾಗೇನದ ಅಂಥಾದ್ದು?" ಪಕ್ಕದ್ದನ್ನೂ ಹೇಳಿದಳು. ಅದರ ಪಕ್ಕದ್ದನ್ನೂ ಹೇಳಿದಳು.

ಮಾಸ್ತರರು ಹೊಸ್ತಿಲ ಕಡೆಗೆ ತಿರುಗಿದರು. "ಯವ್ವಾ, ನಿಮಗ ಓದಾಕ ಬರ್ತದೇನ್ರಿ?"

"ಇಲ್ರಿ ಮಾಸ್ತರ. ಜ್ವಾಳದಾಗಿನ ಹಳ್ಳು ಆರಿಸಾಕ ಬರ್ತದ. ನಲವತ್ತು ವರ್ಷ ಆತು."

"ಗುಮಾಸ್ತರ," ಎಂದರು ಮಾಸ್ತರರು, "ನೀವು ಎದ್ದು ನೀರು ತರ್ರಿ."

ಅಂದಿನಿಂದ ನನ್ನ ಹುದ್ದೆ ಅದೇ ಆಯಿತು. ಮಾಸ್ತರರು ಹೊಸ್ತಿಲ ಈಚೆ ಕೂತು ಚುಚ್ಚಿ, ಅಕ್ಷರದ ಹೆಸರು ಹೇಳಿ ಹಾಳೆ ದಾಟಿಸುವರು. ಅವ್ವ ಸವರಿ, ಮಗಳ ಬೆರಳನ್ನು ತನ್ನ ಬೆರಳಿನ ಕೆಳಗಿಟ್ಟು ನಡೆಸುವಳು. ಮಾಸ್ತರರು ಅವ್ವನಿಗೆ ಒಂದು ದಿನವೂ ಗದರಲಿಲ್ಲ, ಅವಳ ಬೆರಳು ಮೂಸಲಿಲ್ಲ. ಅವ್ವನ ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಓಣಿಯ ತುದಿಗೂ ಬರುತ್ತಿತ್ತು ಎಂಬುದನ್ನು ನಾನು ಇಲ್ಲಿ ದಾಖಲಿಸುತ್ತೇನೆ. ಮೂವತ್ತನೆಯ ಕುರ್ಚಿ ಮುಗಿದು, ನಾನು ಕೊಯ್ದ ಎರಡೂ ಮುಗಿಯುವ ಹೊತ್ತಿಗೆ ಶರಣವ್ವ ಒಂದು ಸಾಲನ್ನು ನಿಲ್ಲದೆ ಓದಿದಳು. ಮಾಸ್ತರರು ಹಿತ್ತಾಳೆ ಪಟ್ಟಿಯನ್ನು ಹೊಸ್ತಿಲ ಮೇಲಿಟ್ಟರು. "ಇದು ಇಲ್ಲೇ ಇರ್ಲಿ" ಎಂದರು.

ಯಾದಗಿರಿ ಸ್ಟೇಷನ್ನಿಗೆ ಅವರನ್ನು ನಾನೇ ಬಿಟ್ಟು ಬಂದೆ. ರೈಲು ಬಂದಾಗ ನನ್ನ ಕೈ ಹಿಡಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಗುಮಾಸ್ತರ. ನೀವು ಹಂಗ ಎಡವಿದ್ದಕ್ಕ ನಿಮ್ಮವ್ವಾರು ಹೊಸ್ತಿಲ ದಾಟಿ ಕೈ ಹಾಕಿದ್ರು. ದಡ್ಡತನಾನೂ ಒಂದೊಂದು ಸಲ ಕೆಲಸಕ್ಕ ಬರ್ತದ." ಇಷ್ಟು ಸಮಾಧಾನ ಹೇಳಿ ಡಬ್ಬಿ ಹತ್ತಿದರು.

ಆರು ತಿಂಗಳ ಮೇಲೆ ನನ್ನ ಹೆಸರಿಗೆ ಮಾಸ್ತರರಿಂದ ಒಂದು ದಪ್ಪ ಕಾಗದ ಬಂತು, ತುಂಬ ಚುಕ್ಕಿ. ಅರ್ಧ ತಾಸು ಬೆರಳಾಡಿಸಿ ಮೂರು ಅಕ್ಷರ ಹಿಡಿದೆ. ಅವುಗಳಲ್ಲಿ ಎರಡು ತಪ್ಪು ಎಂದು ಅವ್ವ ಹೇಳಿದಳು. ಶರಣವ್ವ ಅದನ್ನು ಇಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಮಾಸ್ತರರು ಮತ್ತೆ ಶಹಾಪುರಕ್ಕೆ ಬರಲಿಲ್ಲ.