ಬಾಗಿಲ ಹಿಡಿಯ ಹಸಿರು ಚೀಟಿ

ನಡುರಾತ್ರಿ ಬಾಗಿಲ ಹೊರಗೆ ‘ಟಕ್’ ಎಂದು ಸಣ್ಣ ಸದ್ದು. ನನ್ನದು ತೆಳು ನಿದ್ದೆ. ಎದ್ದು ಬಾಗಿಲ ಕಿಂಡಿಗೆ ಕಣ್ಣಿಡುತ್ತೇನೆ. ಹೋಟೆಲಿನ ಸಿಬ್ಬಂದಿಯೊಬ್ಬ ಸಾಲಾಗಿ ಬಾಗಿಲ ಹಿಡಿಗಳಿಗೆ ಹಸಿರು ಚೀಟಿ ಸಿಕ್ಕಿಸುತ್ತ ಹೋಗುತ್ತಿದ್ದಾನೆ. ನನ್ನ ಬಾಗಿಲಿನ ಚೀಟಿ ಹೇಳುತ್ತದೆ: ‘ನೀರು ಉಳಿಸಲು ಈ ಕೋಣೆಯ ಅತಿಥಿ ಇಂದು ಸ್ವಚ್ಛತೆ ಬೇಡವೆಂದಿದ್ದಾರೆ.’ ನಾನು ಯಾರಿಗೂ ಹಾಗೆ ಹೇಳಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಸೆನಾದಾ ಕೈಗಾಡಿ ತಳ್ಳಿಕೊಂಡು ಬರುತ್ತಾರೆ. ಬೋಸ್ನಿಯಾದ ಯುದ್ಧದಿಂದ ಓಡಿ ಷಿಕಾಗೋ ಸೇರಿದಾಗಿನಿಂದ ಈ ಹೋಟೆಲಿನ ಒಂಬತ್ತನೇ ಮಹಡಿಯ ಸ್ವಚ್ಛತೆ ಅವರ ಕೈಯಲ್ಲಿದೆ. (ಹೋಟೆಲಿನ ಹೆಸರು ಬರೆಯುವುದಿಲ್ಲ, ಇಲ್ಲಿನವರ ಹೆಸರುಗಳನ್ನೂ ಬದಲಿಸಿದ್ದೇನೆ.) ಹಸಿರು ಸಾಲನ್ನು ಕಂಡು ನಿಲ್ಲುತ್ತಾರೆ, ಬಾಗಿಲು ತೆರೆದ ನನ್ನತ್ತ ತಿರುಗುತ್ತಾರೆ.

“ನೋಡಮ್ಮ, ರಾತ್ರೋರಾತ್ರಿ ಎಲ್ರಿಗೂ ಭೂಮಿ ಮೇಲೆ ಪ್ರೀತಿ ಬಂದ್ಬಿಟ್ಟಿದೆ.”

ಗುಡಿಸುವ ಕೋಣೆ ಕಡಿಮೆಯಾದರೆ ಅವರನ್ನು ಅರ್ಧ ದಿನಕ್ಕೇ ಮನೆಗೆ ಕಳಿಸುತ್ತಾರೆ. ತಿಂಗಳ ಕೆಲಸದ ಗಂಟೆಗಳು ಇಳಿದರೆ ಆರೋಗ್ಯ ವಿಮೆ ನಿಲ್ಲುತ್ತದೆ; ಗಂಡ ಇಬ್ರೋನ ಹೃದಯದ ಔಷಧಿ ಬರುವುದು ಆ ವಿಮೆಯಿಂದಲೇ. ಈ ತಿಂಗಳ ಗಂಟೆಗಳು ಆ ಅಂಚಿಗೆ ಬಂದು ನಿಂತಿವೆ. ಇತ್ತ ಬಿಟ್ಟ ಕೋಣೆಯ ಕೊಳೆ ಎಲ್ಲಿಗೂ ಹೋಗುವುದಿಲ್ಲ, ಅತಿಥಿ ಹೊರಟ ದಿನ ಒಟ್ಟಿಗೆ ಎದುರಾಗುತ್ತದೆ. ಅದನ್ನೂ ಅರ್ಧ ಗಂಟೆಯಲ್ಲೇ ಮುಗಿಸಬೇಕು. ಸ್ನಾನದ ತೊಟ್ಟಿಗೆ ಅಂಟಿದ ಸೋಪು ಕೆರೆದು ಕೆರೆದು ಸೆನಾದಾರ ಬಲ ಮಣಿಕಟ್ಟು ಬಾತಿದೆ.

ನೀರು ಉಳಿಸುವುದಂತೆ! ಕೆಳಗೆ ಅಂಗಳದ ಕಾರಂಜಿ ಹಗಲೂ ರಾತ್ರಿ ಚಿಮ್ಮುತ್ತಲೇ ಇದೆ. ಉಳಿಯುತ್ತಿರುವುದು ಈಕೆಯ ಕೂಲಿ, ಅದೂ ನನ್ನ ಹೆಸರಿನಲ್ಲಿ.

ಹಿಂದೊಮ್ಮೆ ಈ ಊರಿಗೆ ಬಂದಾಗ ಗೋಪುರ, ದೋಣಿ, ವಸ್ತುಸಂಗ್ರಹಾಲಯ ಎಂದು ಓಡಿದ್ದೆ. ಸಂಜೆ ಮರಳಿದರೆ ಹಾಸಿಗೆ ತಾನೇ ಮಡಚಿಕೊಂಡಂತೆ ಕಾಣುತ್ತಿತ್ತು. ಈ ಸಲ ಸರೋವರ ನೋಡುತ್ತ ಕಿಟಕಿ ಬಳಿ ಸುಮ್ಮನೆ ಕೂರಲು ಬಂದೆ. ಕೂತದ್ದಕ್ಕೇ ಹಗಲಿನ ಕಾರಿಡಾರು ಕಣ್ಣಿಗೆ ಬಿತ್ತು. ಯಾವ ಗೋಪುರದ ತುದಿಯಿಂದಲೂ ಕಾಣದ ಊರು ಅದು.

ದೂರು ಕೊಡುತ್ತೇನೆ ಎಂದರೆ ಸೆನಾದಾ ಬೇಡವೆನ್ನುತ್ತಾರೆ. ಅದು ತಿರುಗಿ ಅವರ ತಲೆಯ ಮೇಲೇ ಬೀಳುತ್ತದೆ. ಪತ್ರಿಕೆಗೆ ಬರೆಯಲೇ? ಯಾವ ಭಾಷೆ ಎಂದು ಕೇಳುತ್ತಾರೆ. ಕನ್ನಡ ಎಂದರೆ ನಗುತ್ತಾರೆ. “ಹಾಗಾದ್ರೆ ಬರೀರಿ. ನಮ್ಮ ಮ್ಯಾನೇಜರ್ ಅದನ್ನ ಕಲಿತು ಓದೋ ಹೊತ್ತಿಗೆ ನಾನು ರಿಟೈರಾಗಿರ್ತೀನಿ.”

ಮರುದಿನ ಬೆಳಿಗ್ಗೆ ನೋಡುತ್ತೇನೆ: ರಾತ್ರಿ ಮತ್ತೆ ಸಿಕ್ಕಿಸಿದ್ದ ಚೀಟಿಗಳನ್ನು ಸೆನಾದಾ ಒಂದೊಂದಾಗಿ ತೆಗೆದು ಕೊಳೆಬಟ್ಟೆಯ ಚೀಲಕ್ಕೆ ತುರುಕುತ್ತಿದ್ದಾರೆ. ಚೀಟಿ ತೆಗೆದ ಬಾಗಿಲನ್ನೆಲ್ಲ ತಟ್ಟಿ, ಕೋಣೆ ಗುಡಿಸಲೇ ಎಂದು ಕೇಳುತ್ತಾರೆ. ಬಹಳ ಮಂದಿ ಖುಷಿಯಿಂದಲೇ ದಾರಿ ಬಿಡುತ್ತಾರೆ. ಒಂದು ಬಾಗಿಲಿನ ಚೀಟಿಯನ್ನು ಮಾತ್ರ ಮುಟ್ಟುವುದಿಲ್ಲ.

“ಅವರು ನಿಜವಾಗ್ಲೂ ಬೇಡ ಅಂದಿದಾರೆ, ಕೂಸು ಮಲಗಿದೆ. ಎಷ್ಟು ಬೇಕಾದ್ರೂ ಗಲೀಜು ಮಾಡ್ಲಿ, ನಂಗೇನಿಲ್ಲ. ಆದ್ರೆ ನಾನು ಬರೋದು ಬೇಡ ಅನ್ನೋದನ್ನ ಅವರೇ ಬಾಯ್ಬಿಟ್ಟು ಹೇಳ್ಲಿ.”

ಅಷ್ಟರಲ್ಲಿ ಲಿಫ್ಟಿನಿಂದ ಮೇಲ್ವಿಚಾರಕಿ ಹಲೀನಾ ಇಳಿಯುತ್ತಾರೆ. ಒಂದು ಕಾಲಕ್ಕೆ ಅವರೂ ಇದೇ ಮಹಡಿಯಲ್ಲಿ ಗಾಡಿ ತಳ್ಳಿದವರು. ಚೀಲದ ಬಾಯಿಂದ ಹಸಿರು ಅಂಚೊಂದು ಇಣುಕುತ್ತಿದೆ. ಹಲೀನಾ ಬರಿದಾದ ಹಿಡಿಗಳನ್ನು ನೋಡುತ್ತಾರೆ, ಚೀಲವನ್ನು ನೋಡುತ್ತಾರೆ, ಆ ಬಾತ ಮಣಿಕಟ್ಟನ್ನೂ ನೋಡುತ್ತಾರೆ.

ಗಾಡಿಯಿಂದ ಒದ್ದೆ ಟವಲೊಂದನ್ನೆತ್ತಿ ಹಸಿರಿನ ಮೇಲೆ ಹಾಕುತ್ತಾರೆ.

“ಈ ಮಹಡೀಲಿ ಇವತ್ತು ಪೂರ್ತಿ ದಿನದ ಕೆಲಸ ಇದೆ,” ಎನ್ನುತ್ತಾರೆ. “ಕೆಳಗೆ ಅಷ್ಟೇ ಹೇಳ್ತೀನಿ. ಬೇರೇನೂ ನಾನು ನೋಡಿಲ್ಲ.”