ಪೆಟ್ರೋಲ್ ಇಳಿದ ಪಂಚಮಿ

ಪೆಟ್ರೋಲ್ ದರ ಇಳಿದದ್ದಕ್ಕೆ ದುಃಖಪಟ್ಟವನು ಇಡೀ ಗಜೇಂದ್ರಗಡದಲ್ಲಿ ನಾನೊಬ್ಬನೇ ಇರಬೇಕು. ಸುದ್ದಿ ಬಂದ ಬೆಳಿಗ್ಗೆ ಊರವರೆಲ್ಲ ಖುಷಿಯಿಂದ ಪಂಪಿನ ಕಡೆ ಹೊರಟಿದ್ದರೆ, ನಾನು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ತುರುಕುತ್ತಿದ್ದೆ. ಅದು ನನ್ನ ಹೆಂಡತಿ ಗಂಗವ್ವನ ಕಣ್ಣಿಗೆ ಬೀಳಬಾರದಿತ್ತು.

ಅವಳ ತವರು ಮಲಪ್ರಭೆಯ ದಂಡೆಯ ಹೊಳೆಮಣ್ಣೂರು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡಬೇಕು. ಕರೆಯಲು ಅಣ್ಣನೇ ಬರಬೇಕು. ಅಣ್ಣನಿಗೆ ಮೊಣಕಾಲು ನೋವು ಹತ್ತಿದ ಮೇಲೆ ಆ ಕೆಲಸ ನನ್ನ ಸ್ಕೂಟರಿಗೆ ಬಂತು. ಮೂರು ವರ್ಷದಿಂದ ನಾನು “ಪೆಟ್ರೋಲ್ ಇಳೀಲಿ ತಡಿ, ಹೋಗೋಣಂತ” ಎಂದು ತಳ್ಳುತ್ತ ಬಂದಿದ್ದೆ. ಒಬ್ಬಳೇ ಬಸ್ಸಿಗೆ ಹೋಗಲು ಅವಳು ಒಪ್ಪುವುದಿಲ್ಲ. “ಕರಕೊಂಡು ಹೋಗವ್ರು ಇಲ್ದ ಹೋದ್ರ ಅದು ಪಂಚಮಿ ಅಲ್ರಿ, ಸಂತಿ” ಎನ್ನುತ್ತಾಳೆ. ಇಬ್ಬರೂ ಬಸ್ಸಿನಲ್ಲೇ ಹೋಗಬಹುದಲ್ಲ ಎಂದು ನೀವು ಕೇಳೀರಿ. ದಯವಿಟ್ಟು ಮೆಲ್ಲಗೆ ಕೇಳಿ, ಅವಳ ಕಿವಿಗೆ ಬಿದ್ದೀತು.

ನಿಜ ಹೇಳಿಬಿಡುತ್ತೇನೆ. ನನಗೆ ಜೋಕಾಲಿ ಕಂಡರೆ ಭಯ. ಹೊಸ ಅಳಿಯನಾಗಿದ್ದಾಗ ಅವಳ ಕಡೆಯವರು ನನ್ನನ್ನು ಬೇವಿನ ಮರದ ಜೋಕಾಲಿಯಲ್ಲಿ ಕೂರಿಸಿ, ಹೆಂಡತಿಯ ಹೆಸರು ಹೇಳುವವರೆಗೂ ಬಿಡುವುದಿಲ್ಲವೆಂದು ತೂಗಿದರು. ನಾನು ಮೊದಲ ತೂಗಿಗೇ ಹೇಳಿದ್ದೆ, ಕಿರುಚಿಯೇ ಹೇಳಿದ್ದೆ; ಅವರಿಗೆ ಕೇಳಿಸಲಿಲ್ಲವಂತೆ. ಭೂಮಿ ತಿರುಗುತ್ತದೆ ಎಂದು ಮಕ್ಕಳಿಗೆ ಕಲಿಸಿ ನಿವೃತ್ತನಾದ ಭೂಗೋಳದ ಮಾಸ್ತರ ನಾನು. ಅದು ತಿರುಗುವುದನ್ನು ಕಣ್ಣಾರೆ ಕಂಡದ್ದು ಮಾತ್ರ ಅಂದೇ. ಈಗಲೂ ಅಲ್ಲಿಗೆ ಹೋದರೆ ಅವಳಣ್ಣ ಮೊದಲು ಹಗ್ಗ ನೋಡುತ್ತಾನೆ, ಆಮೇಲೆ ನನ್ನನ್ನು.

ದರ ಯಾಕೆ ಇಳಿಯಿತೆಂದು ತಿಳಿದರೆ ಮತ್ತೆ ಯಾವಾಗ ಏರೀತೆಂಬುದೂ ತಿಳಿದೀತು ಎಂದು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಹೋದೆ. ಚಹಾದವನು ಚುನಾವಣೆ ಬಂತೆಂದ. ಸೀರೆ ವ್ಯಾಪಾರದ ಬಸಣ್ಣ ಮಾತ್ರ, “ಮಾಲ್ ಭಾಳ ಬಿದ್ದೈತ್ರಿ ಮಾಸ್ತರ್ರ, ತಗೊಳ್ಳಾವ್ರಿಲ್ಲ. ನಮ್ಮ ಸೀರಿ ಹ್ಯಾಂಗೋ ಅರಬರ ಎಣ್ಣಿನೂ ಹಂಗ” ಎಂದ. ನನ್ನ ಪುಸ್ತಕದಲ್ಲಿ ಮೂರು ಪುಟ ಹಿಡಿಯುವ ವಿಷಯವನ್ನು ಅವನು ಅರ್ಧ ಕಪ್ ಚಹಾದಲ್ಲಿ ಮುಗಿಸಿದ.

ಮನೆಗೆ ಬಂದರೆ ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು.

“ಇಳೀತಂತಲ್ಲರಿ?”

ನಾನು ಕೊಲ್ಲಿ ದೇಶಗಳಿಂದ ಪಾಠ ಶುರುಮಾಡಿದೆ. ಡಾಲರಿಗೆ ಬಂದು ಹಡಗು ಹತ್ತುವಷ್ಟರಲ್ಲಿ ಅವಳು ತಡೆದಳು.

“ಯಾಕ ಇಳೀತು ಅಂತ ನನಗ ಗೊತ್ತೈತ್ರಿ. ನಮ್ಮೂರ ದ್ಯಾಮವ್ವಗ ಹರಕಿ ಹೊತ್ತಿದ್ದೆ. ಐದು ಕಾಯಿ, ಒಂದು ಸೀರಿ. ಇನ್ನ ತೀರಸಾಕ ಹೋಗಬೇಕು.”

ಇಳಿದ ಪೆಟ್ರೋಲಿನಲ್ಲಿ ಉಳಿಯುವುದು ಒಂದು ಕಾಯಿಗೂ ಸಾಲದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹರಕೆ ತೀರಿಸದಿದ್ದರೆ ದ್ಯಾಮವ್ವ ಏನು ಮಾಡುತ್ತಾಳೋ ಗೊತ್ತಿಲ್ಲ; ಗಂಗವ್ವ ಏನು ಮಾಡುತ್ತಾಳೆ ಎಂಬುದು ಗೊತ್ತಿತ್ತು.

ಪಂಚಮಿಯ ದಿನ ಹೊರಟೆವು. ಅವಳ ತೊಡೆಯ ಮೇಲೆ ದೇವಿಯ ಸೀರೆ, ನಮ್ಮಿಬ್ಬರ ನಡುವೆ ಕಾಯಿಯ ಚೀಲ. ರೋಣ ದಾಟುವಾಗ ಅವಳು ಹಿಂದಿನಿಂದ ಯಾವುದೋ ಪಂಚಮಿ ಹಾಡು ಗುನುಗುತ್ತಿದ್ದಳು. ನನ್ನ ಸುಳ್ಳನ್ನು ನಂಬಿ ಈಕೆ ಮೂರು ವರ್ಷ ದೇವರ ಮುಂದೆ ಪೆಟ್ರೋಲಿಗಾಗಿ ಕೈಮುಗಿದಿದ್ದಾಳಲ್ಲ ಎಂದು ತುಂಬ ನಾಚಿಕೆಯಾಯಿತು.

ಗುಡಿಯಲ್ಲಿ ಕಾಯಿ ಒಡೆಸಿ ಹೊರಗೆ ಬಂದ ಮೇಲೆ ತಪ್ಪೊಪ್ಪಿಕೊಂಡೆ. “ಪೆಟ್ರೋಲ್ ಬರೇ ನೆವ ಇತ್ತು, ಗಂಗಾ. ನನಗ ಜೋಕಾಲಿ ಅಂಜಿಕಿ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅದು ಲಗ್ನ ಆದ ವರ್ಷನ ಗೊತ್ತಾಗೈತ್ರಿ. ಪೆಟ್ರೋಲ್ ಇಳೀಲಿ ಅಂತ ಯಾರು ಬೇಡಿಕೊಂಡಾರ? ನಿಮ್ಮ ನೆವ ತೀರಲಿ ಅಂತ ಬೇಡಿಕೊಂಡಿದ್ದೆ. ಹ್ಯಾಂಗ ತೀರಸೂದು ಅನ್ನೂದು ದ್ಯಾಮವ್ವಗ ಬಿಟ್ಟಿದ್ದೆ.”

ಕೊಲ್ಲಿ ದೇಶಗಳು, ಡಾಲರು, ಹಡಗುಗಳು ಎಲ್ಲವೂ ಅಲುಗಾಡಿದ್ದು ನನ್ನದೊಂದು ನೆವಕ್ಕಾಗಿ ಎಂದು ತಿಳಿದಾಗ, ನಾಚಿಕೆಯ ಜೊತೆಗೆ ತುಸು ಹೆಮ್ಮೆಯೂ ಆಯಿತು.

“ಬರ್ರಿ ಮಾಸ್ತರ್ರ, ಹಗ್ಗ ಹೊಸಾದೈತಿ!” ಎಂದು ಅವಳಣ್ಣ ಗುಡಿಯ ಎದುರಿನ ಬೇವಿನ ಮರದ ಕೆಳಗಿನಿಂದ ಕೂಗಿದ.

ಈ ಸಲ ಯಾರೂ ‘ಕೇಳಿಸಲಿಲ್ಲ’ ಎನ್ನಬಾರದೆಂದು, ಗುಡಿಯ ಬಾಗಿಲಿನಿಂದಲೇ ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಜೋಕಾಲಿಯ ಕಡೆ ನಡೆದೆ.