ಹಿಮದ ರಜೆಯ ದಿನ ಟ್ವೈಲಾಳ ಪರೀಕ್ಷೆ

“ನೋಡಜ್ಜಿ, ನಾನು ಇನ್ನೂ ಸ್ಕೂಲ್ ಹುಡುಗಿನೇ. ಹೈಸ್ಕೂಲಿನ ಕೊನೇ ವರ್ಷ. ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಹೋಗ್ತೀನಿ. ಬಾತ್‌ರೂಮಿಗೆ ಹೋಗ್ಬೇಕು ಅಂದ್ರೂ ಟೀಚರ್ ಹತ್ರ ಚೀಟಿ ಬರೆಸ್ಕೋಬೇಕು. ಊಟದ ಸಾಲಲ್ಲಿ ತಟ್ಟೆ ಹಿಡ್ಕೊಂಡು ನಿಲ್ಬೇಕು. ಆದ್ರೆ ಮಂಗಳವಾರ ಗುರುವಾರ ಮಧ್ಯಾಹ್ನ ಅದೇ ಬಸ್ಸು ನಮ್ಮನ್ನ ಪೇಟೆ ಕಾಲೇಜಿಗೆ ಒಯ್ದು ಬಿಡುತ್ತೆ. ಅಲ್ಲಿ ಯಾರೂ ಚೀಟಿ ಕೇಳಲ್ಲ! ಎದ್ದು ಹೋದ್ರೆ ಹೋದೆ, ಬಂದ್ರೆ ಬಂದೆ. ನನ್ನ ಪಕ್ಕ ಕೂತ್ಕೊಳ್ಳೋರಿಗೆ ಮೊಮ್ಮಗು ಇದೆ ಅಜ್ಜಿ, ಗಣಿ ಮುಚ್ಚಿದ್ಮೇಲೆ ಓದೋಕೆ ಬಂದಿದಾರೆ. ಅಲ್ಲಿ ಪಾಠ ಮಾಡೋರು ನನ್ನನ್ನ ‘ಮಿಸ್ ಸ್ಟಿಡಮ್’ ಅಂತಾರೆ, ನಗು ಬರುತ್ತೆ. ಅಲ್ಲಿ ಪಾಸಾದ ಒಂದೊಂದು ಕೋರ್ಸೂ ಎರಡೂ ಕಡೆ ಲೆಕ್ಕಕ್ಕೆ ಬರುತ್ತೆ. ಹೈಸ್ಕೂಲಲ್ಲಿ ಒಂದು ವಿಷಯ ಮುಗೀತು, ಕಾಲೇಜಲ್ಲಿ ಮೂರು ಕ್ರೆಡಿಟ್ ಸಿಕ್ತು. ಒಂದು ಸಲ ಒಲೆ ಹಚ್ಚಿದ್ರೆ ಎರಡು ಮನೆಗೂ ಅಡುಗೆ ಆದ ಹಾಗೆ. ಅರವತ್ತು ಕ್ರೆಡಿಟ್ ತುಂಬಿದ್ರೆ ಎರಡು ವರ್ಷದ ಡಿಗ್ರಿ. ಅಂದ್ರೆ ಮೇ ತಿಂಗಳಲ್ಲಿ ನಾನು ಮೊದಲು ಕಾಲೇಜು ಪಾಸಾಗ್ತೀನಿ, ಆಮೇಲೆ ಹೈಸ್ಕೂಲು! ಉಲ್ಟಾ! ಆಗಸ್ಟಲ್ಲಿ ಯೂನಿವರ್ಸಿಟಿಗೆ ಜಮೀನಿನ ಸರ್ವೆ ಓದೋಕೆ ಹೋಗಿ ನೇರ ಮೂರನೇ ವರ್ಷದಲ್ಲಿ ಕೂತ್ಕೋತೀನಿ. ಹತ್ತೊಂಬತ್ತು ವರ್ಷಕ್ಕೆ ಕೈಯಲ್ಲಿ ಪೂರಾ ಡಿಗ್ರಿ ಇರುತ್ತೆ. ನಂಬಿಕೆ ಬರುತ್ತಾ ನಿಮಗೆ? ನನಗೇ ಬರಲ್ಲ.”

ಟ್ವೈಲಾ ಸ್ಟಿಡಮ್ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದು ನನ್ನ ಅಡುಗೆಮನೆಯ ಮೇಜಿನ ಮೇಲೆ ಕಾಲು ಇಳಿಬಿಟ್ಟುಕೊಂಡು, ಬಿಸಿ ಬಿಸ್ಕೆಟ್ ರೊಟ್ಟಿಗೆ ಜೋಳದ ದಂಟಿನ ಜೋನಿಬೆಲ್ಲ ಸುರಿದುಕೊಳ್ಳುತ್ತ. ಅವಳು ಹಾಗೆಯೇ. ಮಾತು ಶುರುವಾದರೆ ಕೈಯೂ ಕಾಲೂ ಜೊತೆಗೆ ಮಾತಾಡುತ್ತವೆ.

ನಮ್ಮ ಸೋರ್‌ವುಡ್ ಕೊಳ್ಳದಲ್ಲಿ ಒಂಬತ್ತು ಮನೆ. ತುದಿಯಲ್ಲಿ ನನ್ನದು, ಅದರ ಕೆಳಗೆ ಟ್ವೈಲಾಳ ತಾತ ವರ್ಲಿನ್‌ನದು, ಬೇಲಿಯಾಚೆ ಓಡಸ್ ಕಾಡಿಲ್‌ನದು. ಟ್ವೈಲಾಳ ತಾಯಿ ಡಾರ್ಲಾ ಪೇಟೆಯ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ತಂದೆ ಒಹಾಯೋದಲ್ಲಿ ಎಲ್ಲೋ ಇದ್ದಾನೆ, ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತದೆ. ಹುಡುಗಿಯನ್ನು ಬೆಳೆಸಿದ್ದು ವರ್ಲಿನ್ನೇ. ನಾನು ನೆರೆಮನೆಯವಳು, ಬಾಯಿಮಾತಿಗೆ ಅಜ್ಜಿ.

ಅವಳಿಗೆ ಈ ಸರ್ವೆಯ ಹುಚ್ಚು ಹಿಡಿದದ್ದು ಆ ಬೇಲಿಯಿಂದ. ಹಳೆಯ ಕ್ರಯಪತ್ರದಲ್ಲಿ ಗಡಿ ಬರೆದಿರುವುದು ಹೀಗೆ: ದೊಡ್ಡ ಚೆಸ್ಟ್‌ನಟ್ ಮರದಿಂದ ನೆಟ್ಟಗೆ ಬುಗ್ಗೆಯವರೆಗೆ. ಬುಗ್ಗೆ ಇದೆ. ಮರ ನನ್ನ ಅಮ್ಮನ ಕಾಲಕ್ಕೇ ರೋಗ ಬಂದು ಸತ್ತಿತು. ಅದು ಎಲ್ಲಿ ನಿಂತಿತ್ತು ಎಂಬುದಕ್ಕೆ ವರ್ಲಿನ್‌ನದು ಒಂದು ಮಾತು, ಓಡಸ್‌ನದು ಇನ್ನೊಂದು. ಇಬ್ಬರೂ ಒಂದೇ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಜೊತೆಗೆ ದುಡಿದವರು. ಓಡಸ್ ಹೊಸ ಬೇಲಿ ಹಾಕಿದ ದಿನದಿಂದ ಮಾತು ಬಿಟ್ಟಿದ್ದರು. ಟ್ವೈಲಾ ಒಂಬತ್ತು ವರ್ಷದವಳಿದ್ದಾಗ ನನ್ನ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಹೋಗಿ, ಅಡಿಗೊಂದು ಗಂಟು ಹಾಕಿ, ಇಡೀ ಗುಡ್ಡ ಅಳೆದು ಬಂದಳು. “ಇಬ್ಬರದ್ದೂ ತಪ್ಪು” ಎಂದಳು. ಆ ದಿನ ಇಬ್ಬರೂ ಅವಳ ಮೇಲೇ ಸಿಟ್ಟಾದರು. ಒದ್ದೆ ಬಟ್ಟೆ ಇಟ್ಟುಕೊಂಡು ನಾನೂ ಆದೆ.

ಕಳೆದ ಡಿಸೆಂಬರಿನ ಒಂದು ಗುರುವಾರದ ಸಂಗತಿ ಇದು. ಬೆಳಿಗ್ಗೆ ಎದ್ದರೆ ಮೊಣಕಾಲುದ್ದ ಹಿಮ. ಆರು ಗಂಟೆಗೆ ಎಲ್ಲರ ಮನೆಗೂ ಶಾಲೆಯ ಫೋನು ಬಂತು, ಇವತ್ತು ರಜೆ ಎಂದು. ನಮ್ಮ ಕೊಳ್ಳಗಳ ರಸ್ತೆ ಬಸ್ಸಿಗೆ ಆಗುವುದಿಲ್ಲವೆಂದರೆ ಇಡೀ ಜಿಲ್ಲೆಗೇ ರಜೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ರಾತ್ರಿ ಪೈಜಾಮವನ್ನು ಉಲ್ಟಾ ಹಾಕಿಕೊಂಡು ಮಲಗಿದರೆ ಹಿಮ ಬೀಳುತ್ತದೆಂದು ನಂಬಿಕೆ. ಟ್ವೈಲಾ ಹದಿನೇಳಾದರೂ ಬಿಟ್ಟಿಲ್ಲ.

ಹತ್ತೂವರೆಗೆ ಬಾಗಿಲು ದೂಡಿಕೊಂಡು ಬಂದಳು. ಅದೇ ಉಲ್ಟಾ ಪೈಜಾಮ, ಕಾಲಿಗೆ ತಾತನ ರಬ್ಬರ್ ಬೂಟು, ಕೈಯಲ್ಲಿ ಬೋಗುಣಿ ತುಂಬ ಹೊಸ ಹಿಮ.

“ಅಜ್ಜೀ, ಹಿಮದ ಐಸ್‌ಕ್ರೀಮಿಗೆ ವೆನಿಲಾ ಕೊಡಿ! ನಮ್ಮನೇಲಿ ಮುಗಿದಿದೆ. ಹಾಲು ಸಕ್ಕರೆ ಹಾಕಿದೀನಿ, ಕರಗೋಕೆ ಮುಂಚೆ ಬೇಗ!”

ಸೀಸೆ ಕೊಟ್ಟೆ. ಕಲಕುತ್ತ ನಿಂತಳು.

“ನಿನ್ನದು ಕೊನೇ ಪರೀಕ್ಷೆ ಇತ್ತಲ್ಲವೇನೇ ಈ ವಾರ? ಆ ತ್ರಿಕೋನದ್ದು?”

“ಇವತ್ತೇ. ಆದ್ರೆ ರಜೆ ಅಲ್ವಾ! ಸೋಮವಾರ ಇಟ್ಕೋತಾರೆ.”

“ಕಾಲೇಜಿನವರು ಹೇಳಿದರಾ?”

“ಸ್ಕೂಲಿಂದ ಫೋನ್ ಬಂತಲ್ಲ ಅಜ್ಜಿ.”

“ಸ್ಕೂಲು ಬಿಡು. ಕಾಲೇಜಿನವರು?”

ಚಮಚ ನಿಂತಿತು. ಅವಳ ಮುಖ ಬೋಗುಣಿಯಲ್ಲಿದ್ದುದರಷ್ಟೇ ಬೆಳ್ಳಗಾಯಿತು.

ಸೆಪ್ಟೆಂಬರಿನಲ್ಲಿ ಕಾಲೇಜಿನವರು ಕೊಟ್ಟ ಕಾಗದವನ್ನು ಅವಳೇ ನನಗೆ ಓದಿ ಹೇಳಿದ್ದಳು. ಹೈಸ್ಕೂಲಿಗೆ ರಜೆ ಎಂದರೆ ಕಾಲೇಜಿಗೂ ರಜೆ ಎಂದಲ್ಲ. ಪರೀಕ್ಷೆ ಶುರುವಾಗಿ ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯುವುದಿಲ್ಲ. ತಪ್ಪಿಸಿಕೊಂಡರೆ ಸೊನ್ನೆ. ಹನ್ನೆರಡು ವರ್ಷ ಬೆಳಗಿನ ಆ ಫೋನನ್ನು ದೇವರ ವಾಕ್ಯ ಎಂದುಕೊಂಡು ಬೆಳೆದ ಮಕ್ಕಳಿಗೆ ಅದು ತಲೆಗೆ ಹೋಗುವುದಿಲ್ಲ. ಅವಳ ಜೊತೆಯವರದು ಇಂಗ್ಲಿಷು, ಚರಿತ್ರೆ, ಮನೆಯಲ್ಲೇ ಬರೆದು ಕಳಿಸುವ ಪರೀಕ್ಷೆ. ತ್ರಿಕೋನಮಿತಿಗೆ ನಮ್ಮ ಶಾಲೆಯಿಂದ ಇವಳೊಬ್ಬಳೇ. ನೆನಪು ಮಾಡುವವರು ಯಾರೂ ಇರಲಿಲ್ಲ.

ನನ್ನ ಫೋನಿನಿಂದಲೇ ಕಾಲೇಜಿಗೆ ಮಾತಾಡಿದಳು. ಆ ಕಡೆಯ ಹೆಂಗಸು ಆರಾಮವಾಗಿ ಹೇಳಿದ್ದು ನನಗೂ ಕೇಳಿಸಿತು. “ಕಾಲೇಜು ತೆರೆದಿದೆಯಮ್ಮ. ಇಲ್ಲಿ ಎಲ್ಲಿ ಹಿಮ? ಬರೀ ತುಂತುರು ಮಳೆ.”

ಟ್ವೈಲಾ ಫೋನು ಇಟ್ಟಳು. “ಒಂದು ಗಂಟೆಗೆ ಅಜ್ಜಿ. ಟ್ಯಾಕೆಟ್ ಮೇಡಂ ಈ ಕೋರ್ಸ್ ಮತ್ತೆ ಮಾಡೋದು ಮುಂದಿನ ಸೆಪ್ಟೆಂಬರಲ್ಲಿ. ಅಷ್ಟೊತ್ತಿಗೆ ಎಲ್ಲ ಹೋಗಿರುತ್ತೆ. ಡಿಗ್ರಿ ಇಲ್ಲ, ಮೂರನೇ ವರ್ಷ ಇಲ್ಲ. ಸೊನ್ನೆ ಮಾತ್ರ ಕಾಲೇಜಿನ ಪಟ್ಟೀಲಿ ಜೀವನಪೂರ್ತಿ ಇರುತ್ತೆ.”

“ಅಳೋದು ಆಮೇಲೆ. ಇಪ್ಪತ್ತಾರು ಮೈಲಿ. ಯಾರ ಗಾಡಿ ಇದೆ ಹೇಳು.”

ಡಾರ್ಲಾ ಕಾರು ತೆಗೆದುಕೊಂಡು ಹೋಗಿ, ವಾಪಸು ಗುಡ್ಡ ಹತ್ತಲಾಗದೆ ಪೇಟೆಯಲ್ಲೇ ಸಿಕ್ಕಿಕೊಂಡಿದ್ದಳು. ವರ್ಲಿನ್‌ನ ಗಾಡಿ ಹಿಮದಲ್ಲಿ ಅಂಗಳದಾಚೆ ದಾಟುವುದಿಲ್ಲ. ಇಡೀ ಕೊಳ್ಳದಲ್ಲಿ ಹಿಮಕ್ಕೆ ಜಾರದ ಹಾಗೆ ಚಕ್ರಕ್ಕೆ ಸರಪಳಿ ಕಟ್ಟಿದ ಟ್ರಕ್ಕು ಇದ್ದದ್ದು ಓಡಸ್ ಒಬ್ಬನದೇ.

ನಾವು ಇಳಿದು ಹೋಗಿ ವರ್ಲಿನ್‌ಗೆ ಹೇಳಿದೆವು. ಟೊಪ್ಪಿ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ತನ್ನ ನಾಯಿ ಬಡ್ಡಿಯನ್ನು ಕರೆದುಕೊಂಡು ಬೇಲಿಯ ಹತ್ತಿರ ಹೋಗಿ ನಿಂತ. ಓಡಸ್ ಆಚೆ ಬದಿಯಲ್ಲಿ ಹಿಮ ಎತ್ತಿ ಹಾಕುತ್ತಿದ್ದ. ಹನ್ನೊಂದು ವರ್ಷದಿಂದ ಅವರ ಮಾತುಕತೆ ನಾಯಿಯ ಮೂಲಕ.

“ನೋಡೋ ಬಡ್ಡಿ,” ಎಂದ ವರ್ಲಿನ್ ನಾಯಿಗೆ, “ಕೆಲವರ ಹತ್ರ ಸರಪಳಿ ಟ್ರಕ್ಕಿರುತ್ತೆ. ಒಂದು ಮಗು ಪರೀಕ್ಷೆಗೆ ಹೋಗ್ಬೇಕು ಅಂದ್ರೆ ಅಂಥೋರು ಏನು ಮಾಡ್ತಾರೋ, ಗೊತ್ತಿಲ್ಲಪ್ಪ.”

ಓಡಸ್ ಸಲಿಕೆ ನೆಟ್ಟ. “ಆ ನಾಯಿ ಪರೀಕ್ಷೆ ಕಟ್ಟಿದೆಯಾ? ಯಜಮಾನನಿಗಿಂತ ಬುದ್ಧಿ ಇದೆ ಅಂತ ಮೊದಲೇ ಗೊತ್ತಿತ್ತು.”

“ತಾತಾ! ಟೈಮ್ ಇಲ್ಲ!” ಟ್ವೈಲಾ ಪೈಜಾಮದಲ್ಲೇ ಬೇಲಿ ಹಾರಿದಳು. ಒಂದು ಬೂಟು ಹಿಮದಲ್ಲಿ ಉಳಿಯಿತು. “ಓಡಸ್ ಮಾವ, ಒಂದು ಗಂಟೆಗೆ ಪರೀಕ್ಷೆ. ಹೋಗದೇ ಇದ್ರೆ ನನ್ನ ಎರಡು ವರ್ಷ ಹೋಯ್ತು. ಕರ್ಕೊಂಡು ಹೋಗ್ತೀರಾ?”

ಓಡಸ್ ಅವಳ ಬರಿಗಾಲು ನೋಡಿದ. “ಮೊದಲು ಬೂಟು ಹಾಕ್ಕೊಳ್ಳೇ ಹುಚ್ಚಿ,” ಎಂದು ಟ್ರಕ್ಕಿನ ಕಡೆ ನಡೆದ. ವರ್ಲಿನ್ ಬೇಲಿ ಸುತ್ತಿಕೊಂಡು ಬಂದು ಹತ್ತಿಕೊಂಡ. ಯಾರೂ ಕರೆದಿರಲಿಲ್ಲ, ಯಾರೂ ಇಳಿಯಲೂ ಹೇಳಲಿಲ್ಲ. ಬಟ್ಟೆ ಬದಲಾಯಿಸಲು ಹೊತ್ತಿರಲಿಲ್ಲ. ನಾನು ನನ್ನ ಕೋಟು ಕೊಟ್ಟು, ಕ್ಯಾಲ್ಕ್ಯುಲೇಟರು ಪೆನ್ಸಿಲು ಕಿಸೆಗೆ ತುರುಕಿದೆ. ಆಗ ಹನ್ನೊಂದೂ ಹತ್ತು.

ಮುಂದಿನದನ್ನು ಮೂವರೂ ನನಗೆ ಮೂರು ಥರ ಹೇಳಿದ್ದಾರೆ. ಮೂವರೂ ಒಪ್ಪುವಷ್ಟನ್ನು ಬರೆಯುತ್ತೇನೆ.

ಗುಡ್ಡ ಇಳಿಯುವ ನಾಲ್ಕು ಮೈಲಿಗೇ ಒಂದು ಗಂಟೆ ಹಿಡಿಯಿತು. ಒಂದು ಪೈನ್ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಇಬ್ಬರು ಮುದುಕರೂ ಇಳಿದು ಗರಗಸ ಹಿಡಿದರು. ಗಣಿಯಲ್ಲಿ ಇಪ್ಪತ್ತೆರಡು ವರ್ಷ ಮಾಡಿದ ಅಭ್ಯಾಸ. ಒಬ್ಬ ಎಳೆದರೆ ಇನ್ನೊಬ್ಬ ಬಿಡುತ್ತಿದ್ದ, ಒಂದು ಮಾತೂ ಬೇಕಾಗಲಿಲ್ಲ. ಟ್ವೈಲಾ ಕೊಂಬೆ ಎಳೆದು ಹಾಕುತ್ತ ಸೂತ್ರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳಂತೆ.

ಮತ್ತೆ ಟ್ರಕ್ಕು ಹತ್ತಿದ ಮೇಲೆ ಮಾತು ಬಂತು.

“ಆ ಮರ ಬುಗ್ಗೆಗಿಂತ ಮೇಲೇ ಇತ್ತು,” ಎಂದ ವರ್ಲಿನ್, ನಾಯಿ ಮನೆಯಲ್ಲಿ ಉಳಿದದ್ದು ಮರೆತು.

“ಕೆಳಗಿತ್ತು. ನನ್ನಪ್ಪ ಅದರ ಕೆಳಗೆ ಹಂದಿ ಕಟ್ತಿದ್ದ.”

“ನಿಮ್ಮಪ್ಪ ಹಂದಿ ಎಲ್ಲಿ ಬೇಕಾದ್ರೂ ಕಟ್ತಿದ್ದ. ನಮ್ಮ ಜಮೀನಲ್ಲೂ ಕಟ್ತಿದ್ದ.”

“ಹುಡುಗಿ ಅಳೀಲಿ ಹಾಗಾದ್ರೆ! ಈಗ ಕಲಿತಿದಾಳಲ್ಲ!”

“ಸರ್ವೆ ಲೈಸೆನ್ಸ್ ಬರೋವರೆಗೆ ನಾನು ಅಳೆಯಲ್ಲ,” ಎಂದಳು ಟ್ವೈಲಾ ಮಧ್ಯದಲ್ಲಿ ಕೂತು. “ಸುಮ್ನಿರಿ ಇಬ್ಬರೂ. ಕೊಸೈನ್ ಹೇಳ್ಕೋತಿದೀನಿ.”

ಕೆಳಗಿನ ಹೆದ್ದಾರಿಯಲ್ಲಿ ಹಿಮ ಇರಲಿಲ್ಲ. ಸರಪಳಿ ಬಿಚ್ಚುವುದರಲ್ಲಿ ಮತ್ತೆ ಹತ್ತು ನಿಮಿಷ. ಹನ್ನೆರಡೂ ಮುಕ್ಕಾಲಿಗೆ ಪೇಟೆ ಕಂಡಿತು. ರೈಲ್ವೆ ಗೇಟಿನ ಹತ್ತಿರ ಬಂದರೆ ಕೆಂಪು ದೀಪ, ಕಲ್ಲಿದ್ದಲಿನ ರೈಲು. ವರ್ಲಿನ್ ಬೋಗಿ ಎಣಿಸತೊಡಗಿದ.

“ಅರವತ್ತೊಂದು, ಅರವತ್ತೆರಡು…”

“ಎಣಿಸ್ಬೇಡ ಮಾರಾಯ! ನೀನು ಎಣಿಸಿದ ಹಾಗೆಲ್ಲ ಜಾಸ್ತಿ ಆಗ್ತಿವೆ,” ಎಂದ ಓಡಸ್.

ರೈಲು ದಾಟಿದಾಗ ಒಂದೂ ಮೂರು. ಆಮೇಲೆ ಓಡಸ್ ಓಡಿಸಿದ ರೀತಿಯ ಬಗ್ಗೆ ವರ್ಲಿನ್ ಇಂದಿಗೂ ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆ. ಕಾಲೇಜಿನ ಮೆಟ್ಟಿಲಿನ ತನಕ ಟ್ರಕ್ಕು ಹೋಯಿತಂತೆ. ಟ್ವೈಲಾ ಓಡಿದಳು. ರಬ್ಬರ್ ಬೂಟು ನೆಲದ ಮೇಲೆ ಪಟಪಟ ಎನ್ನುತ್ತಿತ್ತು. ಕೊನೆಯ ಕೋಣೆಯ ಬಾಗಿಲಲ್ಲಿ ಟ್ಯಾಕೆಟ್ ಮೇಡಂ ಹಿಡಿಗೆ ಕೈ ಹಾಕಿ ಗಡಿಯಾರ ನೋಡುತ್ತ ನಿಂತಿದ್ದರು. ಒಂದೂ ಹದಿಮೂರು.

“ಮಿಸ್ ಸ್ಟಿಡಮ್, ಪೈಜಾಮ ಉಲ್ಟಾ ಇದೆ.”

“ಹೌದು ಮೇಡಂ. ಬೇಕೂಂತಲೇ.”

“ಒಳಗೆ ಬನ್ನಿ.”

ಆಮೇಲಿನ ಎರಡು ಗಂಟೆ ಮೆಟ್ಟಿಲ ಬುಡದಲ್ಲಿ ಟ್ರಕ್ಕಿನೊಳಗೆ ಇಬ್ಬರು ಮುದುಕರು ಒಂದು ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕೂತಿದ್ದರು. ಏನು ಮಾತಾಡಿದಿರಿ ಎಂದು ಇಬ್ಬರನ್ನೂ ಬೇರೆಬೇರೆ ಕೇಳಿದೆ. “ಏನಿಲ್ಲ, ಜಗಳ,” ಎಂದರು ಇಬ್ಬರೂ. ಬೇಲಿ ಅಲ್ಲೇ ಇದೆ. ನಾಯಿಗೆ ಮಾತ್ರ ಆ ಕೆಲಸ ತಪ್ಪಿತು.

ಬರೆದು ಬಂದದ್ದಕ್ಕೇ ಎಲ್ಲ ಮುಗಿಯಲಿಲ್ಲ. ಚಳಿಗೆ ಮರಗಟ್ಟಿದ ಕೈಯಲ್ಲಿ ಬರೆದ ಪರೀಕ್ಷೆ. ಎರಡು ಲೆಕ್ಕ ಪೂರ್ತಿ ಬಿಟ್ಟೆ ಎಂದಳು. ಪಾಸಾಗದಿದ್ದರೆ ಹೋಗಿ ಬರೆದದ್ದೂ ಹೋಗದಿದ್ದದ್ದೂ ಒಂದೇ. ಐದು ದಿನ ಹುಡುಗಿ ಊಟ ಮಾಡಿದ್ದು ಕಾಣೆ. ಹಿಮ ಕರಗದೆ ಶಾಲೆಯ ರಜೆ ಮುಂದುವರಿದಿತ್ತು, ಕಾಲೇಜಿನ ತರಗತಿಗಳೂ ಮುಗಿದಿದ್ದವು. ನಮ್ಮ ಕೊಳ್ಳದಲ್ಲಿ ಮೊಬೈಲು ಹಿಡಿಯುವುದಿಲ್ಲ. ಫಲಿತಾಂಶ ಬಂತೇನೋ ಎಂದು ಗಂಟೆಗೊಂದು ಸಲ ಚರ್ಚಿನ ದಿಬ್ಬ ಹತ್ತಿ ಫೋನು ನೋಡಿ ಬರುತ್ತಿದ್ದಳು. ಅವಳು ಹೊರಟಾಗಲೆಲ್ಲ ವರ್ಲಿನ್ ಜಗಲಿಗೆ ಬರುತ್ತಿದ್ದ, ಬೇಲಿಯಾಚೆ ಓಡಸ್ ಸುಮ್ಮನೆ ಸೌದೆ ಜೋಡಿಸುವವನ ಹಾಗೆ ನಿಲ್ಲುತ್ತಿದ್ದ.

ಮಂಗಳವಾರ ಮಧ್ಯಾಹ್ನ ನಾನು ಬೀನ್ಸ್ ಕಾಳು ಮೇಜಿನ ಮೇಲೆ ಹರವಿಕೊಂಡಿದ್ದೆ. ದಿಬ್ಬದ ಮೇಲಿಂದ ಕಿರುಚು ಕೇಳಿಸಿತು. ಯಾರಿಗೋ ಏನೋ ಆಯಿತೆಂದು ಎದ್ದು ನಿಂತೆ. ಜಾರಿಕೊಂಡು, ಬಿದ್ದುಕೊಂಡು, ಎದ್ದುಕೊಂಡು ಇಳಿಯುತ್ತಿದ್ದಳು.

“ಬಿ! ಅಜ್ಜೀ, ಬಿ ಗ್ರೇಡ್ ಬಂದಿದೆ! ತಾತಾ! ಓಡಸ್ ಮಾವಾ! ಪಾಸು! ನಲವತ್ತೆಂಟು ಕ್ರೆಡಿಟ್ ಆಯ್ತು! ಇನ್ನು ಹನ್ನೆರಡೇ!”

ಕೆಳಗಿನಿಂದ ವರ್ಲಿನ್ ಕೂಗಿದ್ದು ಅರ್ಥವಾಗಲಿಲ್ಲ. ಓಡಸ್ ಟ್ರಕ್ಕಿನ ಹಾರ್ನು ಒತ್ತಿ ಹಿಡಿದ, ಕೊಳ್ಳದ ನಾಯಿಗಳೆಲ್ಲ ಬೊಗಳಿದವು. ಟ್ವೈಲಾ ನನ್ನನ್ನು ಹಿಡಿದು ಮೂರು ಸುತ್ತು ತಿರುಗಿಸಿದಳು.

“ಬಿಡೇ, ತಲೆ ತಿರುಗುತ್ತೆ. ಎ ಯಾಕೆ ಬರಲಿಲ್ಲ?”

“ಅಜ್ಜೀ!”

“ತಮಾಷೆಗೆ ಕಣೇ. ಹಸಿವಾಗಿದೆಯಾ ಈಗಾದರೂ?”

“ಒಂದು ಕರು ತಿನ್ನೋ ಅಷ್ಟು.”

“ಹಾಗಾದರೆ ಕೂತ್ಕೊ. ಇದು ಬೇಯಬೇಕು ಅಂದರೆ ಮೊದಲು ಆರಿಸಬೇಕು.”

ಕೋಟು ಬಿಚ್ಚಿ ಎದುರಿಗೆ ಕೂತಳು. ಕಾಳನ್ನು ಬೆರಳಿನಿಂದ ನಾಲ್ಕು ನಾಲ್ಕಾಗಿ ತನ್ನ ಕಡೆ ಎಳೆದುಕೊಂಡು, ಕಲ್ಲು ಒಂದು ಕಡೆ, ಮುದುಡಿದ ಕಾಳು ಇನ್ನೊಂದು ಕಡೆ ಹಾಕುತ್ತ ಆರಿಸತೊಡಗಿದಳು. ನಾನು ಪಾತ್ರೆಗೆ ನೀರು ಹಿಡಿದೆ.